ಪೆಟ್ರೋಲ್ ಕಾರಿನ ಫ್ಯೂಯೆಲ್ ಪಂಪ್ ನಿಜಕ್ಕೂ ಕೆಟ್ಟಿದೆಯೇ? ಬದಲಾಯಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ ಎಂದ ಕೂಡಲೇ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು ‘ಪಂಪ್ ಹೋಗಿದೆ’ ಎಂಬುದು. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಹಲವು ಸಲ ಪಂಪ್ ಚೆನ್ನಾಗಿಯೇ ಇದ್ದು, ಅದಕ್ಕೆ ವಿದ್ಯುತ್ ತಲುಪಿಸುವ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್), ವೈರ್ ಅಥವಾ ಅರ್ತ್‌ನಲ್ಲಿ ದೋಷ ಅಡಗಿರುತ್ತದೆ. ಅಂಥ ಕಾರಿಗೆ ಹೊಸ ಪಂಪ್ ಹಾಕಿಸಿದರೂ ಅದು ಮತ್ತೆ ದಾರಿಯಲ್ಲಿ ನಿಲ್ಲುತ್ತದೆ. ಮಂಡ್ಯದ ರೈತರಿಗೆ ಈ ತರ್ಕ ಹೊಸದಲ್ಲ. ಕೊಳವೆ ಬಾವಿಯಲ್ಲಿ ನೀರು ಬಾರದಿದ್ದರೆ, ಪೈಪುಗಳನ್ನೆಲ್ಲ ಎತ್ತಿಸಿ ಮೋಟಾರನ್ನು ಹೊರತೆಗೆಯುವ ಮೊದಲು ಸ್ಟಾರ್ಟರ್ ಪೆಟ್ಟಿಗೆಗೆ ಮೂರೂ ಫೇಸ್ ಬರುತ್ತಿದೆಯೇ ಎಂದು ಅವರು ನೋಡುತ್ತಾರೆ. ಕಾರಿನ ಪಂಪ್ ಕೂಡ ದ್ರವದಲ್ಲಿ ಮುಳುಗಿ ಓಡುವ ಸಬ್‌ಮರ್ಸಿಬಲ್ ಮೋಟಾರೇ ಆಗಿದ್ದು, ಅದರ ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಪಂಪಿಗೆ ಸಾಕಷ್ಟು ವೋಲ್ಟೇಜ್ ತಲುಪುತ್ತಿದೆ, ಆದರೂ ಅದು ಸಾಕಷ್ಟು ಒತ್ತಡ ಕೊಡುತ್ತಿಲ್ಲ ಎಂಬ ಎರಡು ಮಾತು ಮಲ್ಟಿಮೀಟರ್ ಮತ್ತು ಒತ್ತಡ ಅಳೆಯುವ ಗೇಜಿನಿಂದ ಸಾಬೀತಾಗುವವರೆಗೆ ಪಂಪನ್ನು ದೂರಬಾರದು ಎಂಬುದೇ ಈ ಬರಹದ ನಿಲುವು.

ಇಲ್ಲಿ ಹೇಳುವ ಕ್ರಮವು ಮಲ್ಟಿ ಪಾಯಿಂಟ್ ಇಂಜೆಕ್ಷನ್ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ ಒಂದೊಂದು ಇಂಜೆಕ್ಟರ್) ಇರುವ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಎಂಜಿನ್ನಿಗೇ ಜೋಡಿಸಿದ ಯಾಂತ್ರಿಕ ಪಂಪ್ ಇರುವುದರಿಂದ ಅವುಗಳ ಪರೀಕ್ಷೆ ಬೇರೆ. ಡೀಸೆಲ್ ಕಾಮನ್ ರೈಲ್ ಎಂಜಿನ್ನುಗಳ ಅಧಿಕ ಒತ್ತಡದ ಪೈಪುಗಳನ್ನು ಮನೆಯಲ್ಲಿ ಬಿಚ್ಚಲೇಬಾರದು. ಅಲ್ಲಿಯ ಒತ್ತಡ ಸಾವಿರ ಬಾರ್‌ಗಿಂತ ಹೆಚ್ಚಿರಬಹುದು, ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮವನ್ನು ಸೀಳಿ ಒಳಹೊಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಟ್ಯಾಂಕಿನೊಳಗಿನ ಕಡಿಮೆ ಒತ್ತಡದ ಪಂಪಿಗೆ ಸಂಬಂಧಿಸಿದ ವಿದ್ಯುತ್ ಪರೀಕ್ಷೆಗಳನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಬಹುದು.

ಪಂಪ್ ಓಡುವ ಕ್ರಮ

ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿದ ಕೂಡಲೇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪಂಪಿನ ರಿಲೇಯನ್ನು ಎರಡು ಮೂರು ಸೆಕೆಂಡು ಮಾತ್ರ ಚಾಲೂ ಮಾಡಿ ಪೈಪಿನಲ್ಲಿ ಒತ್ತಡ ತುಂಬಿಸುತ್ತದೆ. ಸೆಲ್ಫ್ ಹೊಡೆಯದಿದ್ದರೆ ಅಪಘಾತದಲ್ಲಿ ಪೆಟ್ರೋಲ್ ಚೆಲ್ಲದಿರಲೆಂದು ಪಂಪನ್ನು ಮತ್ತೆ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ತಿಳಿಸಿದಾಗ ಮಾತ್ರ ಪಂಪ್ ನಿರಂತರವಾಗಿ ಓಡುತ್ತದೆ. ಈ ಒಂದು ಸಂಗತಿ ತಿಳಿದಿದ್ದರೆ ಅರ್ಧ ಗೊಂದಲ ಬಗೆಹರಿಯುತ್ತದೆ: ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಪಂಪ್ ಸರಿಯಿದ್ದರೂ ಓಡುವುದಿಲ್ಲ, ಕಾರು ಬಿಸಿಯಾದಾಗ ನಿಂತು ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ, ಎಲ್ಲರೂ ಪಂಪನ್ನೇ ಬೈಯುತ್ತಾರೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಸೆನ್ಸರನ್ನು.

ಕೈ ಹಾಕುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದು. ಅದು ಮೇಲೆ ಹಾರಿ ಹೋಗದೆ ನೆಲದ ಮೇಲೆ ಹರಡಿ, ಸರ್ವಿಸ್ ಗುಂಡಿಗಳಲ್ಲಿ ತುಂಬಿಕೊಂಡು, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೆಲಸವನ್ನು ಬಯಲಿನಲ್ಲಿ ಅಥವಾ ಬಾಗಿಲು ತೆರೆದ ಶೆಡ್ಡಿನಲ್ಲಿ ಮಾಡಬೇಕು, ಪಕ್ಕದಲ್ಲಿ ಪುಡಿ ತುಂಬಿದ ಅಗ್ನಿಶಾಮಕ ಇರಬೇಕು, ಬಿಸಿಯಾಗುವ ಹಳೆಯ ಬಲ್ಬಿನ ಕೈದೀಪದ ಬದಲು ಎಲ್‌ಇಡಿ ಟಾರ್ಚ್ ಬಳಸಬೇಕು. ನಮ್ಮ ಗ್ಯಾರೇಜುಗಳಲ್ಲಿ ಸಂಜೆ ಹೊತ್ತು ದೇವರ ಪಟಕ್ಕೆ ದೀಪ, ಊದುಬತ್ತಿ ಹಚ್ಚುವ ವಾಡಿಕೆ ಉಂಟು; ಟ್ಯಾಂಕ್ ಬಿಚ್ಚಿದ ದಿನ ಪೂಜೆಯನ್ನು ಕೆಲಸ ಮುಗಿದ ಮೇಲೆ ಇಟ್ಟುಕೊಂಡರೆ ದೇವರು ಕೋಪಿಸಿಕೊಳ್ಳುವುದಿಲ್ಲ.

ಪೆಟ್ರೋಲ್ ಪೈಪ್ ಬಿಚ್ಚುವ ಯಾವುದೇ ಹಂತಕ್ಕೆ ಮೊದಲು ಒತ್ತಡ ಇಳಿಸಬೇಕು. ಎಂಜಿನ್ ಓಡುತ್ತಿದ್ದರೆ ಪಂಪಿನ ಫ್ಯೂಸ್ ಅಥವಾ ರಿಲೇಯನ್ನು ಕಿತ್ತು, ಅದು ತಾನಾಗಿ ನಿಲ್ಲುವವರೆಗೆ ಬಿಟ್ಟು, ಮತ್ತೆ ಎರಡು ಮೂರು ಸಲ ಸೆಲ್ಫ್ ಹೊಡೆದರೆ ಪೈಪಿನ ಒತ್ತಡ ಬಹುಪಾಲು ಇಳಿಯುತ್ತದೆ. ಎಂಜಿನ್ ಓಡದ ಕಾರಿನಲ್ಲಿ ಜೋಡಣೆಗೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ಬಿಚ್ಚಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಅನಂತರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯಬೇಕು.

ಪಂಪಿನವರೆಗೆ ಹೋಗದೆಯೇ ಮುಗಿಯಬಹುದಾದ ಸಂಗತಿಗಳು

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂಬುದು ನಗು ತರಿಸುವ ಪ್ರಶ್ನೆಯಾದರೂ ಅದೇ ಮೊದಲ ಪ್ರಶ್ನೆ. ಟ್ಯಾಂಕಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ತಿಳಿಸುವ ಫ್ಲೋಟ್ ಸಿಕ್ಕಿಹಾಕಿಕೊಂಡು ಪೆಟ್ರೋಲ್ ಮೀಟರಿನ ಮುಳ್ಳು ಕಾಲು ಭಾಗ ತೋರಿಸುತ್ತಲೇ ಟ್ಯಾಂಕ್ ಬರಿದಾಗಿರುವುದು ಅಪರೂಪವಲ್ಲ. ಐದು ಲೀಟರ್ ಹಾಕಿ ನೋಡಿ.

ಮಳೆಗಾಲದಲ್ಲಿ ಬಂಕಿನಲ್ಲಿ ತುಂಬಿಸಿದ ಕೂಡಲೇ ತೊಂದರೆ ಶುರುವಾಗಿದ್ದರೆ ಇಂಧನವನ್ನೇ ನೋಡಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಕಬ್ಬಿನ ಕಾಕಂಬಿಯಿಂದಲೂ ತಯಾರಾಗುವ ಎಥೆನಾಲ್ ಮಂಡ್ಯದ ಕಬ್ಬು ಬೆಳೆಗಾರರಿಗೆ ಪರಿಚಿತವೇ, ಆದರೆ ಅದು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು ಎಂಬುದು ಕಾರಿನ ಮಾಲೀಕರಿಗೂ ತಿಳಿದಿರಬೇಕು. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಹೀರುವುದೂ ತಳದಿಂದಲೇ. ಸ್ವಲ್ಪ ಇಂಧನವನ್ನು ಪಾರದರ್ಶಕ ಗಾಜಿನ ಸೀಸೆಗೆ ತೆಗೆದು ಕೆಲವು ನಿಮಿಷ ಅಲುಗಾಡಿಸದೆ ಇಟ್ಟರೆ, ನೀರಿದ್ದಲ್ಲಿ ಎರಡು ಪದರ ಕಾಣುತ್ತವೆ. ಹಳೆಯ ಕಾರುಗಳಲ್ಲಿ ಈ ಮಿಶ್ರಣಕ್ಕೆ ಒಗ್ಗದ ರಬ್ಬರ್ ಭಾಗಗಳು ಉಬ್ಬಿ ಬಿರುಕು ಬಿಡಬಹುದು ಎಂಬುದನ್ನೂ ನೆನಪಿಡಬೇಕು.

ಕಾರು ಓಡುತ್ತ ಓಡುತ್ತ ಸೋತು ನಿಂತರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಜೋರಾಗಿ ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಆಮೇಲೆ ಕಾರು ಸರಿಯಾಗಿ ಓಡಿದರೆ ದೋಷವಿರುವುದು ಗಾಳಿಕಿಂಡಿ ಕಟ್ಟಿದ ಮುಚ್ಚಳ ಅಥವಾ ಆವಿ ಕೊಳವೆಯಲ್ಲಿ. ಫೋರ್ಡ್, ಫಿಯಟ್‌ನಂಥ ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪನ್ನು ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ಊರೊಳಗಿನ ಹಂಪಿನ ಮೇಲೆ ಕಾರು ಜೋರಾಗಿ ಕುಕ್ಕಿದರೂ ಅದು ಪಂಪಿನ ವಿದ್ಯುತ್ತನ್ನು ಕಡಿದುಬಿಡಬಹುದು. ಅದರ ಜಾಗ ಮಾಲೀಕರ ಕೈಪಿಡಿಯಲ್ಲಿರುತ್ತದೆ, ಗುಂಡಿ ಒತ್ತಿದರೆ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಕೀಲಿಯನ್ನು ಗುರುತಿಸದೆ ಎಂಜಿನ್ನನ್ನು ತಡೆದಿದೆ; ಎರಡನೆಯ ಕೀಲಿಯಲ್ಲಿ ಪ್ರಯತ್ನಿಸಿ.

ಲಕ್ಷಣಗಳು ಏನನ್ನು ಹೇಳುತ್ತವೆ

ಸತ್ತ ಪಂಪಿಗಿಂತ ಸಾಯುತ್ತಿರುವ ಪಂಪನ್ನು ಗುರುತಿಸುವುದೇ ಕಷ್ಟ. ಊರೊಳಗೆ ಚೆನ್ನಾಗಿ ಓಡುವ ಕಾರು ಚಾಮುಂಡಿ ಬೆಟ್ಟದ ಏರಿನಲ್ಲಿ ನಾಲ್ಕು ಜನರನ್ನು ಹೊತ್ತಾಗ ಪಿಕಪ್ ಕಳೆದುಕೊಳ್ಳುತ್ತದೆ; ಅಥವಾ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ. ದಾಟಿದ ಮೇಲೆ ಜರ್ಕ್ ಹೊಡೆಯುತ್ತದೆ, ಕಾಲು ಸಡಿಲಿಸಿದರೆ ಸರಿಹೋಗುತ್ತದೆ. ಭಾರ ಮತ್ತು ವೇಗ ಹೆಚ್ಚಾದಾಗ ಮಾತ್ರ ತೊಂದರೆ ಕಂಡರೆ ಪೆಟ್ರೋಲಿನ ಪ್ರಮಾಣ ಸಾಲದು ಎಂದು ಊಹಿಸಬಹುದು. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗಿ ಬರುವುದು, ಆಮೇಲೆ ಇಡೀ ದಿನ ಏನೂ ತೊಂದರೆಯಿಲ್ಲದಿರುವುದು ರಾತ್ರಿಯಿಡೀ ಒತ್ತಡ ಸೋರಿಹೋಗುತ್ತಿರುವುದರ ಲಕ್ಷಣ. ಹಿಂದಿನ ಸೀಟಿನ ಕೆಳಗಿನಿಂದ ಮೊದಲಿಲ್ಲದ ಕೀರಲು ಸದ್ದು ಬರುತ್ತಿದ್ದರೆ ಪಂಪಿನ ಒಳಭಾಗ ಸವೆದಿರಬಹುದು, ಇಲ್ಲವೇ ಅದರ ಜಾಲರಿ ಕಟ್ಟಿಕೊಂಡು ಅದು ಏದುಸಿರು ಬಿಡುತ್ತಿರಬಹುದು.

ಸಿಎನ್‌ಜಿ ಕಿಟ್ ಇರುವ ಕಾರಿನ ಮಾಲೀಕರಿಗೆ ಒಂದು ಪರೀಕ್ಷೆ ಪುಕ್ಕಟೆಯಾಗಿ ಸಿಗುತ್ತದೆ. ಕಾರು ಗ್ಯಾಸಿನಲ್ಲಿ ಚೆನ್ನಾಗಿ ಓಡಿ ಪೆಟ್ರೋಲಿಗೆ ಬದಲಾಯಿಸಿದಾಗ ನಿಂತರೆ ಸ್ಪಾರ್ಕ್, ಕಂಪ್ರೆಷನ್, ಕ್ರ್ಯಾಂಕ್ ಸೆನ್ಸರ್ ಎಲ್ಲವೂ ಸರಿಯಿವೆ, ದೋಷ ಪೆಟ್ರೋಲಿನ ದಾರಿಯಲ್ಲೇ ಇದೆ ಎಂದು ಅಲ್ಲಿಗೇ ತೀರ್ಮಾನವಾಯಿತು. ಇಂಥ ಕಾರುಗಳಲ್ಲೇ ಪಂಪ್ ಬೇಗ ಸುಡುವುದೂ ಉಂಟು. ಹೊರಗಿನಿಂದ ಹಾಕಿಸಿದ ಕಿಟ್ಟಿನಲ್ಲಿ ಪಂಪಿನ ವಿದ್ಯುತ್ತನ್ನು ಕಡಿತಗೊಳಿಸದೆ ಬಿಟ್ಟಿದ್ದರೆ, ಹೇಗೂ ಗ್ಯಾಸ್ ಇದೆಯಲ್ಲ ಎಂದು ಟ್ಯಾಂಕಿನಲ್ಲಿ ಒಂದೆರಡು ಲೀಟರ್ ಪೆಟ್ರೋಲ್ ಮಾತ್ರ ಇಟ್ಟುಕೊಂಡು ತಿರುಗಿದಾಗ, ಪಂಪ್ ತಂಪಿಲ್ಲದೆ ಒಣಗಿ ಓಡುತ್ತದೆ.

ಕಿವಿಯ ಪರೀಕ್ಷೆ

ಎಸಿ ಫ್ಯಾನ್, ಸ್ಟೀರಿಯೋ ನಿಲ್ಲಿಸಿ, ಒಬ್ಬರು ಕೀಲಿಯನ್ನು ‘ಆನ್’ ಮಾಡುವಾಗ ಇನ್ನೊಬ್ಬರು ಪೆಟ್ರೋಲ್ ತುಂಬುವ ಬಾಯಿಯ ಬಳಿ ಕಿವಿಯಿಟ್ಟು ಕೇಳಬೇಕು. ಎರಡು ಮೂರು ಸೆಕೆಂಡು ‘ಗುಂಯ್’ ಎಂಬ ಸದ್ದು ಬಂದು ನಿಂತರೆ ಫ್ಯೂಸ್, ರಿಲೇ, ವೈರಿಂಗ್ ಮತ್ತು ಮೋಟಾರ್ ಕನಿಷ್ಠ ಮಟ್ಟಿಗಾದರೂ ಕೆಲಸ ಮಾಡುತ್ತಿವೆ. ಆಗ ನೇರವಾಗಿ ಒತ್ತಡದ ಪರೀಕ್ಷೆಗೆ ಹೋಗಬಹುದು. ಸದ್ದು ಬಂದ ಮಾತ್ರಕ್ಕೆ ಪಂಪ್ ಚೆನ್ನಾಗಿದೆ ಎಂದಲ್ಲ, ಏಕೆಂದರೆ ಸವೆದ ಪಂಪೂ ಸದ್ದು ಮಾಡುತ್ತದೆ.

ಸದ್ದೇ ಬಾರದಿದ್ದರೆ, ಸಹಾಯಕರು ಸೆಲ್ಫ್ ಹೊಡೆಯುತ್ತಿರುವಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ನೋಡಬಹುದು. ತಟ್ಟಿದೊಡನೆ ಪಂಪ್ ಎದ್ದು ಓಡಿದರೆ ಅದರ ಕಾರ್ಬನ್ ಬ್ರಷ್‌ಗಳು ಸವೆದಿವೆ. ಈ ಉಪಾಯದಿಂದ ಮದ್ದೂರಿನಿಂದ ಮನೆಯವರೆಗೆ ಬಂದು ಸೇರಬಹುದೇ ಹೊರತು, ಮಾರನೆಯ ದಿನದ ಪ್ರಯಾಣಕ್ಕೆ ಅದನ್ನು ನಂಬುವಂತಿಲ್ಲ.

ಫ್ಯೂಸ್ ಮತ್ತು ರಿಲೇ

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯ ನಕ್ಷೆಯಲ್ಲಿ ಪಂಪಿನ ಫ್ಯೂಸ್ ಗುರುತಾಗಿರುತ್ತದೆ. ಅನೇಕ ಕಾರುಗಳಲ್ಲಿ ಅದು 15 ಅಥವಾ 20 ಆಂಪಿಯರಿನದು. ಕಣ್ಣಿಗೆ ಸರಿಯೆಂದು ಕಂಡ ಫ್ಯೂಸಿನಲ್ಲೂ ಕೂದಲೆಳೆಯ ಬಿರುಕಿರಬಹುದಾದ್ದರಿಂದ ಮಲ್ಟಿಮೀಟರಿನಿಂದಲೇ ಪರೀಕ್ಷಿಸಬೇಕು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಆಗುತ್ತಿದೆ ಅಥವಾ ಪಂಪ್ ಬಿಗಿದುಕೊಂಡಿದೆ. ದೊಡ್ಡ ಫ್ಯೂಸ್ ಹಾಕುವುದೂ ತಂತಿ ಸುತ್ತಿ ಸಾಗಹಾಕುವುದೂ ಕಾರಿಗೆ ಬೆಂಕಿ ಇಡುವ ಕೆಲಸ.

ಹಾರ್ನಿನ ರಿಲೇ ಅನೇಕ ಕಾರುಗಳಲ್ಲಿ ಪಂಪಿನ ರಿಲೇಯಂತೆಯೇ ಇರುತ್ತದೆ. ಮೇಲಿನ ಸಂಖ್ಯೆ ಒಂದೇ ಆಗಿದ್ದರೆ ಎರಡನ್ನೂ ಅದಲು ಬದಲು ಮಾಡಿ: ಪಂಪ್ ಓಡಿ ಹಾರ್ನ್ ಮೂಕವಾದರೆ ರಿಲೇಯೇ ಅಪರಾಧಿ. ಆಗಲೂ ಓಡದಿದ್ದರೆ ರಿಲೇ ಕಿತ್ತು, ಅದರ ಸಾಕೆಟ್ಟಿನ 30 ಮತ್ತು 87ನೆಯ ಕಿಂಡಿಗಳ ನಡುವೆ 15 ಆಂಪಿಯರ್ ಫ್ಯೂಸ್ ಇರುವ ತುಂಡು ವೈರ್ ಜೋಡಿಸಿ. 30ರಲ್ಲಿ ಬ್ಯಾಟರಿಯ ವಿದ್ಯುತ್ ಇರುತ್ತದೆ, 87 ಪಂಪಿನ ಕಡೆಗೆ ಹೋಗುತ್ತದೆ. ಹೀಗೆ ನೇರ ವಿದ್ಯುತ್ ಕೊಟ್ಟಾಗ ಪಂಪ್ ಓಡಿದರೆ ದೋಷ ರಿಲೇಯನ್ನು ಚಾಲೂ ಮಾಡುವ ಬದಿಯಲ್ಲಿದೆ, ಅಂದರೆ 85, 86ರ ವೈರುಗಳು, ಇಸಿಯು, ಇಮೊಬಿಲೈಸರ್ ಅಥವಾ ಕ್ರ್ಯಾಂಕ್ ಸೆನ್ಸರ್. ಓಡದಿದ್ದರೆ ರಿಲೇಯಿಂದ ಟ್ಯಾಂಕಿನವರೆಗಿನ ವೈರ್, ಅರ್ತ್ ಅಥವಾ ಪಂಪ್. ಪಂಪಿನ ವೇಗವನ್ನು ಪ್ರತ್ಯೇಕ ನಿಯಂತ್ರಕ ಪೆಟ್ಟಿಗೆ ಹತೋಟಿಯಲ್ಲಿಡುವ ಹೊಸ ಕಾರುಗಳಲ್ಲಿ ಈ ಜೋಡಣೆ ಮಾಡಬಾರದು.

ವೋಲ್ಟೇಜ್: ಹೆಚ್ಚಿನವರು ಎಡವುವ ಜಾಗ

ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಒಂದು ತಗಡಿನ ಅಥವಾ ರಬ್ಬರಿನ ಮುಚ್ಚಳ, ಅದರಡಿ ಪಂಪಿನ ಕನೆಕ್ಟರ್ ಕಾಣುತ್ತದೆ. ಸಾಮಾನ್ಯವಾಗಿ ದಪ್ಪನೆಯ ಎರಡು ವೈರುಗಳು ಪಂಪಿನವು, ಸಣ್ಣವು ಪೆಟ್ರೋಲ್ ಮೀಟರಿನ ಫ್ಲೋಟಿಗೆ ಸೇರಿದವು. ಇಲ್ಲಿ ಅನೇಕರು ಕನೆಕ್ಟರ್ ಬಿಚ್ಚಿ, ಮೀಟರ್ ಹಿಡಿದು, 12.5 ವೋಲ್ಟ್ ಬಂದಿತೆಂದು ನೋಡಿ, ‘ಕರೆಂಟ್ ಬರ್ತಿದೆ, ಪಂಪೇ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಈ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಮೀಟರ್ ಎಳೆದುಕೊಳ್ಳುವ ಕರೆಂಟ್ ಅತ್ಯಲ್ಪವಾದ್ದರಿಂದ, ವೈರಿನ ಎಲ್ಲ ಎಳೆಗಳೂ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ಪಂಪ್ ಆರು ಆಂಪಿಯರ್ ಎಳೆಯಲು ಹೊರಟಾಗ ಮಾತ್ರ ದೋಷ ಹೊರಬೀಳುತ್ತದೆ: ದಾರಿಯಲ್ಲಿ ಅರ್ಧ ಓಮ್ ತುಕ್ಕಿನ ತಡೆಯಿದ್ದರೂ ಆರು ಆಂಪಿಯರಿಗೆ ಮೂರು ವೋಲ್ಟ್ ಅಲ್ಲೇ ಕಳೆದುಹೋಗಿ, ಪಂಪಿಗೆ ಒಂಬತ್ತು ವೋಲ್ಟ್ ಚಿಲ್ಲರೆ ಮಾತ್ರ ಸಿಗುತ್ತದೆ. ಆ ಪಂಪ್ ಓಡುತ್ತದೆ, ಸದ್ದೂ ಮಾಡುತ್ತದೆ, ಆದರೆ ಒತ್ತಡ ಕೊಡುವುದಿಲ್ಲ.

ಆದ್ದರಿಂದ ಕನೆಕ್ಟರನ್ನು ಬಿಚ್ಚದೆ, ಪಂಪ್ ಓಡುತ್ತಿರುವಾಗಲೇ, ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಅಳೆಯಬೇಕು. ಎಂಜಿನ್ ಓಡದಿದ್ದರೆ ಮೇಲೆ ಹೇಳಿದ ತುಂಡು ವೈರಿನಿಂದ ಪಂಪನ್ನು ಓಡಿಸಿಕೊಳ್ಳಿ. ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ, ಬಳಿಕ ಪಂಪಿನ ಎರಡು ದಪ್ಪ ವೈರುಗಳ ನಡುವೆ ಅಳೆದರೆ, ವ್ಯತ್ಯಾಸ ಸುಮಾರು ಅರ್ಧ ವೋಲ್ಟ್ ಮೀರಬಾರದು. ಮೀರಿದ್ದರೆ ಯಾವ ಬದಿಯಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕಬೇಕು. ಮೀಟರಿನ ಕೆಂಪು ತುದಿಯನ್ನು ಪಂಪಿನ ಅರ್ತ್ ವೈರಿಗೂ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದಾಗ 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಅರ್ತ್ ವೈರನ್ನು ಕಾರಿನ ಲೋಹದ ಒಡಲಿಗೆ ಬೋಲ್ಟ್ ಮಾಡಿದ ಜಾಗವನ್ನು ಉಜ್ಜಿ ಶುಚಿಮಾಡಿ ಬಿಗಿಮಾಡಿದರೆ ಕಾರು ಸರಿಹೋಗಬಹುದು. ಅರ್ತ್ ಸರಿಯಿದ್ದರೆ ಪಾಸಿಟಿವ್ ದಾರಿಯಲ್ಲಿ ರಿಲೇಯ ಸಾಕೆಟ್, ಫ್ಯೂಸಿನ ಹಿಡಿಕೆ, ನಡುವಿನ ಕನೆಕ್ಟರ್ ಹೀಗೆ ಒಂದೊಂದನ್ನೇ ದಾಟುತ್ತ ಹೋಗಿ.

ನಮ್ಮ ಭಾಗದಲ್ಲಿ ವೈರಿನ ವಿಷಯಕ್ಕೆ ಇಷ್ಟು ಒತ್ತು ಕೊಡಲು ಇಲಿಗಳೂ ಒಂದು ಕಾರಣ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಭತ್ತ ಕೊಯ್ದು ಕಬ್ಬು ಕಡಿದ ಮೇಲೆ ಹೊಲದ ಇಲಿಗಳು ಮನೆಯಂಗಳಕ್ಕೆ ಬಂದು, ನಿಲ್ಲಿಸಿದ ಕಾರಿನಡಿ ಗೂಡು ಮಾಡಿ, ವೈರಿನ ಹೊದಿಕೆಯನ್ನು ಕಡಿಯುತ್ತವೆ. ಟ್ಯಾಂಕಿನ ಮೇಲ್ಭಾಗ ಅವಕ್ಕೆ ಬೆಚ್ಚನೆಯ ಜಾಗ. ಹೊಟ್ಟು, ಹಿಕ್ಕೆ ಕಂಡರೆ ಅಲ್ಲಿಯ ವೈರನ್ನು ಇಂಚಿಂಚೂ ಬೆರಳಿನಿಂದ ಸವರಿ ನೋಡಿ.

ಒತ್ತಡ ಮತ್ತು ಪ್ರಮಾಣ

ವೋಲ್ಟೇಜ್ ಸರಿಯಿದೆ ಎಂದು ಖಚಿತವಾದ ಮೇಲೆಯೇ ಗೇಜ್ ಹೊರಬರಬೇಕು. ನಮ್ಮಲ್ಲಿ ಓಡಾಡುವ ಅನೇಕ ಕಾರುಗಳ ಇಂಧನ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ) ಗೇಜ್ ಜೋಡಿಸುವ ಬಾಯಿ ಇರುವುದಿಲ್ಲವಾದ್ದರಿಂದ, ರೈಲಿಗೆ ಬರುವ ಪೈಪಿನ ನಡುವೆ ‘ಟಿ’ ಆಕಾರದ ಜೋಡಣೆ ಹಾಕಬೇಕು. ಅದಕ್ಕೆ ಕ್ಲಿಪ್ ಬಿಗಿಯಾಗಿರಲಿ. ಸೋರಿಕೆ ಇಲ್ಲವೆಂದು ಖಚಿತವಾಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಈ ಬಗೆಯ ಎಂಜಿನ್ನುಗಳಲ್ಲಿ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್, ಅಂದರೆ ಸುಮಾರು 43ರಿಂದ 58 ಪಿಎಸ್‌ಐ ಇರುತ್ತದೆ. ನಿಮ್ಮ ಮಾದರಿಯ ನಿಖರ ಸಂಖ್ಯೆಯನ್ನು ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಏಕೆಂದರೆ ಅರ್ಧ ಬಾರ್ ವ್ಯತ್ಯಾಸವೂ ಇಲ್ಲಿ ದೊಡ್ಡದು.

ಕೀಲಿ ‘ಆನ್’ ಮಾಡಿದ ಕೂಡಲೇ ಮುಳ್ಳು ಚುರುಕಾಗಿ ಏರಬೇಕು. ಎಂಜಿನ್ ಓಡುವಾಗ, ಆಕ್ಸಿಲರೇಟರನ್ನು ತಟ್ಟನೆ ಒತ್ತಿದಾಗ, ಸಾಧ್ಯವಾದರೆ ಗೇಜನ್ನು ಭದ್ರವಾಗಿ ಕಟ್ಟಿಕೊಂಡು ಭಾರ ಹೊತ್ತು ಓಡಿಸಿದಾಗಲೂ ಅದು ಕುಸಿಯಬಾರದು. ಆಮೇಲೆ ಎಂಜಿನ್ ನಿಲ್ಲಿಸಿ ಐದು ನಿಮಿಷ ಮುಳ್ಳನ್ನೇ ನೋಡಿ. ತುಸು ಇಳಿದು ನಿಂತರೆ ಚಿಂತೆಯಿಲ್ಲ. ಸೊನ್ನೆಗೆ ಜಾರಿದರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನೊಳಗಿನ ಚೆಕ್ ವಾಲ್ವ್, ಒತ್ತಡವನ್ನು ಹತೋಟಿಯಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಇವುಗಳಲ್ಲೊಂದು ಕಾರಣ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಒಂದೇ ಸಿಲಿಂಡರಿನದು ಒದ್ದೆಯಾಗಿದ್ದರೆ ಆ ಇಂಜೆಕ್ಟರನ್ನು ಅನುಮಾನಿಸಿ.

ಒತ್ತಡ ಸರಿಯಿದ್ದೂ ಪ್ರಮಾಣ ಸಾಲದಿರಬಹುದು. ಬಾಗಿಲು ಮುಚ್ಚಿದ ಪೈಪಿನಲ್ಲಿ ಒತ್ತಡ ತುಂಬಿಸಲು ದುರ್ಬಲ ಪಂಪಿಗೂ ಸಾಧ್ಯ. ಎಂಜಿನ್ ನಿಜವಾಗಿ ಕುಡಿಯತೊಡಗಿದಾಗ ಅದು ಸೋಲುತ್ತದೆ. ಪೈಪನ್ನು ಅಳತೆಯ ಡಬ್ಬಿಗೆ ಇಳಿಸಿ ಪಂಪನ್ನು 30 ಸೆಕೆಂಡು ಓಡಿಸಿದರೆ, ಗಂಟೆಗೆ 60 ಲೀಟರ್ ಸಾಮರ್ಥ್ಯದ ಪಂಪ್ ಅರ್ಧ ಲೀಟರ್ ಕೊಡಬೇಕು. ಬಯಲಿನಲ್ಲಲ್ಲದೆ, ಇಬ್ಬರಿಲ್ಲದೆ ಈ ಪರೀಕ್ಷೆಗೆ ಇಳಿಯಬಾರದು. ಪ್ರಮಾಣ ಕಡಿಮೆ ಬಂದರೆ, ಹೊರಗೆ ಬೇರೆ ಫಿಲ್ಟರ್ ಇರುವ ಕಾರಿನಲ್ಲಿ ಮೊದಲು ಅದನ್ನು ಬದಲಾಯಿಸಿ ಮತ್ತೆ ಅಳೆಯಿರಿ.

ಪಂಪ್ ಎಳೆಯುವ ಕರೆಂಟ್ ಇನ್ನೊಂದು ಸಾಕ್ಷಿ. ಫ್ಯೂಸ್ ತೆಗೆದ ಜಾಗದಲ್ಲಿ 10 ಆಂಪಿಯರ್ ವ್ಯಾಪ್ತಿಯ ಮೀಟರನ್ನು ಜೋಡಿಸಿದರೆ, ಆರೋಗ್ಯವಂತ ಪಂಪ್ ಸುಮಾರು 4ರಿಂದ 8 ಆಂಪಿಯರ್ ತೋರಿಸುತ್ತದೆ. ಇದಕ್ಕಿಂತ ಹೆಚ್ಚಿದ್ದರೆ ಪಂಪ್ ಬಿಗಿಯಾಗಿದೆ ಅಥವಾ ಫಿಲ್ಟರ್ ಕಟ್ಟಿದೆ. ತೀರಾ ಕಡಿಮೆಯಿದ್ದರೆ ವೈರಿನಲ್ಲಿ ತಡೆಯಿದೆ, ಇಲ್ಲವೇ ಪಂಪ್ ಪೆಟ್ರೋಲಿಲ್ಲದೆ ಬರಿದೇ ತಿರುಗುತ್ತಿದೆ.

ಬ್ಲೂಟೂತ್ ಸ್ಕ್ಯಾನರ್ ಇದ್ದವರು ಕೋಡುಗಳನ್ನೂ ಓದಬಹುದು. ಪಿ0230 ಪಂಪಿನ ವಿದ್ಯುತ್ ದಾರಿಯನ್ನು, ಪಿ0335 ಕ್ರ್ಯಾಂಕ್ ಸೆನ್ಸರನ್ನು, ಪಿ0171 ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿರುವುದನ್ನು ಸೂಚಿಸುತ್ತದೆ. ಕೋಡ್ ಎಂಬುದು ಹುಡುಕಬೇಕಾದ ಬೀದಿಯ ಹೆಸರೇ ಹೊರತು ಮನೆಯ ಸಂಖ್ಯೆಯಲ್ಲ. ಪಿ0171 ಬಂದಾಗ ಗಾಳಿ ಸೋರುವ ರಬ್ಬರ್ ಪೈಪ್ ಕೂಡ ಕಾರಣವಾಗಿರಬಹುದು.

ಪಂಪೇ ಕೆಟ್ಟಿದೆ ಎಂದಾದರೆ

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವಾಗ ಕೆಲಸಕ್ಕೆ ಇಳಿಯಿರಿ. ಮುಚ್ಚಳದ ಸುತ್ತಲಿನ ಮಣ್ಣನ್ನು ಮೊದಲೇ ಒರೆಸದಿದ್ದರೆ ಅದೆಲ್ಲ ಟ್ಯಾಂಕಿಗೆ ಬೀಳುತ್ತದೆ. ಮೋಟಾರನ್ನಷ್ಟೇ ಬದಲಾಯಿಸಿದರೆ ಹಣ ಉಳಿಯುತ್ತದೆ ನಿಜ, ಆದರೆ ಫ್ಲೋಟ್, ರೆಗ್ಯುಲೇಟರ್, ಫಿಲ್ಟರ್ ಎಲ್ಲವೂ ಅಷ್ಟೇ ಹಳೆಯದಾಗಿರುವ ಕಾರಿನಲ್ಲಿ ಇಡೀ ಮಾಡ್ಯೂಲ್ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮುಚ್ಚಳದ ರಬ್ಬರ್ ಉಂಗುರ ಹೊಸದೇ ಇರಬೇಕು. ಹಳೆಯದನ್ನು ಮತ್ತೆ ಹಾಕಿದರೆ ಟ್ಯಾಂಕ್ ತುಂಬಿದ ದಿನ ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ ಬರುತ್ತದೆ. ಜೋಡಿಸಿದ ಮೇಲೆ ಸೆಲ್ಫ್ ಹೊಡೆಯದೆ ಕೀಲಿಯನ್ನು ಮೂರು ನಾಲ್ಕು ಸಲ ‘ಆನ್’, ‘ಆಫ್’ ಮಾಡಿ ಒತ್ತಡ ತುಂಬಿಸಿ, ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ.

ಹಳೆಯ ಪಂಪನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಅದರ ಬುಡದ ಜಾಲರಿಯನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದಾಗ ಕೆಂಪು ತುಕ್ಕು ಅಥವಾ ಕಪ್ಪು ರಾಡಿ ಉದುರಿದರೆ, ಟ್ಯಾಂಕನ್ನು ಇಳಿಸಿ ತೊಳೆಸಿದ ಮೇಲೆಯೇ ಹೊಸ ಪಂಪನ್ನು ಒಳಗಿಳಿಸಬೇಕು.